ಸೈಲೆನ್ಸರ್ ಬಿಚ್ಚಿ ನೋಡದೆ ಕೊಂಡ ಚೈನ್ ಸಾ: ಒಂದು ಪ್ರಕರಣ ಅಧ್ಯಯನ

ಭೂಮಿ ಹುಣ್ಣಿಮೆ ಕಳೆದ ವಾರ. ನನ್ನ ಹೆಂಡತಿಯ ತಮ್ಮ ಕೊಪ್ಪದ ಕಡೆಯಿಂದ ಜೀಪಿನ ಹಿಂದೆ ಮರ ಕೊಯ್ಯುವ ಒಂದು ಚೈನ್ ಸಾ ಹಾಕಿಕೊಂಡು ನಮ್ಮ ಮನೆಗೆ ಬಂದ. ಮೂರು ದಿನದ ಹಿಂದೆ 11,500 ರೂಪಾಯಿ ಕೊಟ್ಟು ತಂದ ಹಳೆ ಮಿಷನ್ನು. 45 ಸಿಸಿ, 16 ಇಂಚಿನ ಬಾರು (ಚೈನ್ ಸುತ್ತುವ ಪಟ್ಟಿ), ಹೊಸ ಚೈನು. ಅವನ ಕೈಯಲ್ಲಿ ಒಟ್ಟು ಓಡಿದ್ದು 45 ನಿಮಿಷ. ಈಗ ಹಗ್ಗ ಎಳೆದರೆ ಖಾಲಿ ಕೊಡ ಸೇದಿದ ಹಾಗೆ ಸಲೀಸಾಗಿ ಬರುತ್ತಿತ್ತು.

"ಭಾವ, ಪ್ಲಗ್ ಹೋಗಿರ್ಬೇಕು. ಒಂಚೂರು ನೋಡಿ" ಅಂದ.

ಹಗ್ಗ ಎಳೆದ ಕೈಗೇ ಗೊತ್ತಾಯಿತು, ಪ್ಲಗ್ಗಿನ ಮಾತಲ್ಲ ಇದು ಅಂತ. ಆದರೂ ಆಗಲೇ ಹೇಳಲು ಮನಸ್ಸು ಬರಲಿಲ್ಲ. ಊಟಕ್ಕೆ ಕೂರಿಸಿದೆವು.

ನಾನು ಮೆಕ್ಯಾನಿಕ್ ಅಲ್ಲ. ಎರಡೂವರೆ ಎಕರೆ ಅಡಿಕೆ, ಅದರೊಳಗೆ ಕಾಫಿ, ಮೆಣಸು. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಪಂಪು, ಕಳೆ ಕೊಚ್ಚುವ ಮಿಷನ್ನು ಕೈಕೊಟ್ಟಾಗಲೆಲ್ಲ ಪೇಟೆಗೆ ಹೊತ್ತು ಸಾಕಾಗಿ, ಕೊಟ್ಟಿಗೆಯ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ಹದಿನೈದು ವರ್ಷದಿಂದ ನಾನೇ ಬಿಚ್ಚಿ ಕಟ್ಟುತ್ತಿದ್ದೇನೆ. ಅಕ್ಕಪಕ್ಕದವರ ಮಿಷನ್ನುಗಳೂ ಬರುತ್ತವೆ. ಅವುಗಳಲ್ಲಿ ಹಳೆಯದು ಕೊಂಡು ಮೋಸಹೋದವರದ್ದು ವರ್ಷಕ್ಕೆ ಒಂದೆರಡಾದರೂ ಇರುತ್ತದೆ. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ದಾರಿ. ಒಳಗೆ ನೋಡದೆ ಕೊಳ್ಳುತ್ತಾರೆ. ಆಮೇಲೆ, ಹಳೆ ಪಿಸ್ಟನ್ ಯಾಕೆ ಹೋಯಿತು ಎಂದು ಹುಡುಕದೆ ಹೊಸದು ಹಾಕಿಸುತ್ತಾರೆ, ಅದೂ ಹೋಗುತ್ತದೆ. ಎರಡನೆಯ ತಪ್ಪು ಮೊದಲನೆಯದಕ್ಕಿಂತ ದುಬಾರಿ. ಈ ಒಂದು ಮಿಷನ್ನಿನ ಕಥೆಯಲ್ಲಿ ಮೊದಲನೆಯದು ಆದದ್ದು, ಎರಡನೆಯದು ತಪ್ಪಿದ್ದು ಎರಡೂ ಇರುವುದರಿಂದ ಪೂರ್ತಿ ಬರೆಯುತ್ತಿದ್ದೇನೆ.

ಅವನಿಗೆ ಮಿಷನ್ ಬೇಕಾಗಿದ್ದಂತೂ ನಿಜ. ಆ ವರ್ಷದ ಆಷಾಢದ ಗಾಳಿಗೆ ತೋಟದಲ್ಲಿ ಏಳು ಸಿಲ್ವರ್ ಮರ ಬಿದ್ದಿದ್ದವು, ಅವುಗಳಲ್ಲಿ ಎರಡು ಮರ ಕಾಫಿ ಗಿಡಗಳ ಮೇಲೇ. ಸಿಲ್ವರ್ ಓಕ್ ಕಡಿಯಲು 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿ ಬೇಕಿಲ್ಲ, ಹಾಗಾಗಿ ಕಾಗದಪತ್ರದ ತೊಡಕಿರಲಿಲ್ಲ. ಅಡಿಕೆ ಕೊಯ್ಲು ಶುರುವಾಗುವ ಹೊತ್ತು. ಬೇಯಿಸುವ ಹಂಡೆಯ ಒಲೆಗೆ ಸೌದೆ ಬೇಕು. ಮಿಷನ್ ಇರುವ ಆಳು ದಿನಕ್ಕೆ 2,000 ಕೇಳುತ್ತಾನೆ, ಅದೂ ಕರೆದ ವಾರ ಬರುವುದಿಲ್ಲ. ಹೊಸದಕ್ಕೆ ಅಂಗಡಿಯಲ್ಲಿ 25,000ಕ್ಕೂ ಮೇಲೆ ಹೇಳಿದ್ದರು. ಪಕ್ಕದ ತಾಲ್ಲೂಕಿನ ಪೇಟೆಯಲ್ಲಿ ಒಬ್ಬರು ಹಳೆಯದೊಂದನ್ನು ಮಾರುತ್ತಿದ್ದಾರೆ ಎಂದು ಗೊತ್ತಾಗಿ ಹೋಗಿದ್ದ.

ಊಟ ಮುಗಿದ ಮೇಲೆ, ಅಲ್ಲಿ ಏನೇನು ನಡೆಯಿತು ಅಂತ ಒಂದೊಂದಾಗಿ ಕೇಳಿದೆ. ಅವನು ನೆನಪಿನಿಂದ ಹೇಳಿದ್ದರಲ್ಲೇ ಅರ್ಧ ಉತ್ತರ ಇತ್ತು.

ಇವನು ಹೋಗುವ ಹೊತ್ತಿಗೆ ಮಿಷನ್ ಅಂಗಳದಲ್ಲಿ ತೊಳೆದು ಇಟ್ಟಿತ್ತು. ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಮುಟ್ಟಿ ನೋಡಿದ್ಯಾ, ತಣ್ಣಗಿತ್ತಾ ಬಿಸಿ ಇತ್ತಾ ಅಂದೆ. "ಸ್ವಲ್ಪ ಬೆಚ್ಚಗಿತ್ತು ಭಾವ, ಬಿಸಿಲಲ್ಲಿ ಇಟ್ಟಿದ್ರಲ್ಲ ಅಂದ್ಕೊಂಡೆ." ಇವನು ಹೋಗುವ ಮುಂಚೆಯೇ ಒಮ್ಮೆ ಓಡಿಸಿದ್ದರೂ ಬೆಚ್ಚಗಿರುತ್ತದೆ. ರೇಸ್ ಕೊಡದೆ ಬಿಟ್ಟಾಗ ಚೈನ್ ನಿಂತಿತ್ತಾ? "ಇಲ್ಲ, ಸಣ್ಣಕ್ಕೆ ತಿರುಗ್ತಾನೇ ಇತ್ತು. ಒಳ್ಳೆ ಪಿಕಪ್ ಇದೆ ಅಂತ ಅವ್ರು ಅಂದ್ರು." ಮರ ಕೊಯ್ದು ನೋಡಿದ್ಯಾ? "ತೋಳಿನಷ್ಟು ದಪ್ಪದ್ದು ಎರಡು ತುಂಡು. ಬೆಣ್ಣೆ ಕೊಯ್ದ ಹಾಗೆ ಹೋಯ್ತು." ಹೊಸ ಚೈನ್ ಹಾಕಿದರೆ ತೋಳಿನಷ್ಟು ದಪ್ಪದ ಕಟ್ಟಿಗೆಯನ್ನು ಎಂಥ ಇಂಜಿನ್ನೂ ಕೊಯ್ಯುತ್ತದೆ. ಇಂಜಿನ್ನಿನ ಬಲ ಗೊತ್ತಾಗುವುದು ಬಾರ್ ಪೂರ್ತಿ ಮುಳುಗುವ ದಿಮ್ಮಿಯಲ್ಲಿ, ಮೂರ್ನಾಲ್ಕು ಕೊಯ್ತ ಒಂದರ ಹಿಂದೊಂದು ಹಾಕಿದಾಗ.

ಸುಮ್ಮನೆ ಬಿಟ್ಟಾಗ ಚೈನ್ ತಿರುಗುವುದು ಪಿಕಪ್ ಅಲ್ಲ. ಇಷ್ಟು ದೊಡ್ಡ ಮಿಷನ್ನಿನ ಇಂಜಿನ್ ರೇಸ್ ಬಿಟ್ಟಾಗ ನಿಮಿಷಕ್ಕೆ 2,800 ಸುತ್ತಿನ ಆಸುಪಾಸಿನಲ್ಲಿರಬೇಕು. ಆ ವೇಗದಲ್ಲಿ ಕ್ಲಚ್ ಹಿಡಿಯುವುದಿಲ್ಲ, ಚೈನ್ ಅಲ್ಲಾಡಬಾರದು. ಕಂಪ್ರೆಷನ್ (ಪಿಸ್ಟನ್ ಒಳಗಿನ ಗಾಳಿಯನ್ನು ಒತ್ತುವ ಬಲ) ಕಡಿಮೆಯಾದ ಇಂಜಿನ್ ಆ ವೇಗದಲ್ಲಿ ನಿಲ್ಲುವುದಿಲ್ಲ, ಆರಿಹೋಗುತ್ತದೆ. ಆರದಂತೆ ನೋಡಿಕೊಳ್ಳಲು ಐಡಲ್ ಸ್ಕ್ರೂ ಒಳಗೆ ತಿರುಗಿಸಿ ವೇಗ ಏರಿಸುತ್ತಾರೆ. ಆಗ ಚೈನ್ ತಿರುಗುತ್ತದೆ. ಮಾರುವವರು ಅದನ್ನೇ ಗುಣ ಎಂದು ತೋರಿಸಿದ್ದರು. ಕೊಳ್ಳುವುದು ಬಿಡುವುದು ಆಮೇಲಿನ ಮಾತು. ಕೈ ಬಿಟ್ಟರೂ ಓಡುವ ಚೈನು ಇರುವ ಮಿಷನ್ನನ್ನು ಹಿಡಿದು ತೋಟದಲ್ಲಿ ಓಡಾಡುವುದೇ ಅಪಾಯ.

ಮೊದಲ ದಿನ 40 ನಿಮಿಷಕ್ಕೆ ಎರಡನೇ ಮರದ ಬುಡದಲ್ಲಿ ಬಲ ಕುಗ್ಗಿ ನಿಂತಿತು. ಬಿಸಿ ಇದ್ದಾಗ ಎಷ್ಟು ಎಳೆದರೂ ಸ್ಟಾರ್ಟ್ ಇಲ್ಲ. ಒಂದು ಗಂಟೆ ಬಿಟ್ಟು ತಣ್ಣಗಾದ ಮೇಲೆ ಸ್ಟಾರ್ಟ್ ಆಯಿತು, ಐದು ನಿಮಿಷಕ್ಕೆ ಮತ್ತೆ ನಿಂತಿತು. ಆ ಮೇಲೆ ಏಳಲಿಲ್ಲ. ತಣ್ಣಗಿದ್ದಾಗ ಏಳುವುದು, ಬಿಸಿಯಾದಾಗ ಏಳದಿರುವುದು ಬೋರಿಗೆ, ಅಂದರೆ ಪಿಸ್ಟನ್ ಓಡುವ ಸಿಲಿಂಡರಿಗೆ, ಪೆಟ್ಟಾದ ಇಂಜಿನ್ನಿನ ಹಳೆಯ ಚಾಳಿ. ತಣ್ಣಗಿದ್ದಾಗ ಗಟ್ಟಿಯಾಗಿರುವ ಎಣ್ಣೆ ಪಿಸ್ಟನ್ ಸುತ್ತಲಿನ ರಿಂಗಿನ ಸಂದು ಮುಚ್ಚುತ್ತದೆ. ಬಿಸಿಯಾಗಿ ತೆಳುವಾದರೆ ಆ ಆಸರೆಯೂ ಹೋಗುತ್ತದೆ. ಇದೇ ಕಾರಣಕ್ಕೆ ಮಾರುವ ಮುಂಚೆ ಪ್ಲಗ್ ತೂತಿನಲ್ಲಿ ನಾಲ್ಕು ಹನಿ ಎಣ್ಣೆ ಬಿಟ್ಟರೆ ಹಗ್ಗ ಸ್ವಲ್ಪ ಹೊತ್ತು ಬಿಗಿಯಾಗುತ್ತದೆ. ಇಲ್ಲಿ ಹಾಗೆ ಮಾಡಿದ್ದರು ಎಂದು ಹೇಳಲು ನನ್ನ ಹತ್ತಿರ ಪುರಾವೆ ಇಲ್ಲ.

ಮೇಜಿನ ಮೇಲೆ ಮೊದಲು ಪ್ಲಗ್ ತೆಗೆದು ಕಂಪ್ರೆಷನ್ ಗೇಜ್ ಹಾಕಿದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಆರು ಎಳೆತ. ಮುಳ್ಳು 85 ಪಿಎಸ್‌ಐಗೆ ನಿಂತಿತು. ಆರೋಗ್ಯವಾಗಿರುವ ಈ ಗಾತ್ರದ ಮಿಷನ್ 140, 150 ತೋರಿಸುತ್ತದೆ. 110ಕ್ಕಿಂತ ಕೆಳಗಿಳಿದರೆ ನಾನು ಮುಂದೆ ಮಾತಾಡುವುದಿಲ್ಲ, ಬಿಚ್ಚುತ್ತೇನೆ.

ಸೈಲೆನ್ಸರ್ ಹಿಡಿದಿರುವುದು ಎರಡೇ ನಟ್ಟು. ಅವನ್ನು ಬಿಚ್ಚಿದರೆ ಬೋರಿನ ಬಾಯಿ ಕಾಣುತ್ತದೆ, ಹಗ್ಗವನ್ನು ನಿಧಾನ ಎಳೆದರೆ ಆ ಬಾಯಿಯಲ್ಲಿ ಪಿಸ್ಟನ್ ಮೇಲೆ ಕೆಳಗೆ ಹೋಗುವುದು ಕಾಣುತ್ತದೆ. ಟೂ ಸ್ಟ್ರೋಕ್ ಇಂಜಿನ್ನಿನ ದೊಡ್ಡ ಅನುಕೂಲ ಇದು. ಬೈಕಿನ ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ನಿನ ಮೈ ನೋಡಬೇಕಾದರೆ ಹೆಡ್ಡು, ಬೋರು ಎಲ್ಲ ಎತ್ತಬೇಕು. ಇದರಲ್ಲಿ ಕಿಟಕಿ ಇಟ್ಟೇ ಕಟ್ಟಿದ್ದಾರೆ.

ಟಾರ್ಚ್ ಹಿಡಿದು ಅವನನ್ನೇ ಬಗ್ಗಿಸಿ ತೋರಿಸಿದೆ. ಚೆನ್ನಾಗಿರುವ ಪಿಸ್ಟನ್ನಿನ ಮೈಯಲ್ಲಿ ಲೇತಿನ ಸಣ್ಣ ಅಡ್ಡಗೆರೆಗಳು ಉಳಿದಿರುತ್ತವೆ, ರೇಷ್ಮೆ ಬಟ್ಟೆಯ ನೇಯ್ಗೆಯ ಹಾಗೆ. ಎಣ್ಣೆ ನಿಲ್ಲುವುದೇ ಆ ಗೆರೆಗಳಲ್ಲಿ. ಇದರಲ್ಲಿ ಅಡ್ಡಗೆರೆ ಒಂದೂ ಇರಲಿಲ್ಲ. ಮೇಲಿನಿಂದ ಕೆಳಗೆ ಉದ್ದುದ್ದ ಗೀರು. ನಡುವೆ ಹೆಬ್ಬೆರಳಿನಗಲ ಅಲ್ಯೂಮಿನಿಯಂ ಕರಗಿ ಬಳಿದುಕೊಂಡು ಬೂದಿ ಬಣ್ಣಕ್ಕೆ ತಿರುಗಿತ್ತು. ಬಿದಿರು ಕಡ್ಡಿಯಿಂದ ರಿಂಗನ್ನು ಒತ್ತಿದೆ. ಒಳ್ಳೆಯ ರಿಂಗು ಒತ್ತಿದರೆ ಒಳಗೆ ಹೋಗಿ ಮತ್ತೆ ಹೊರಬರುತ್ತದೆ. ಇದು ಅಲ್ಲಾಡಲಿಲ್ಲ. ಕರಗಿದ ಅಲ್ಯೂಮಿನಿಯಂ ಮೇಲೆ ಹರಿದು ರಿಂಗನ್ನು ಅದು ಕೂರುವ ತೋಡಿನಲ್ಲೇ ಹೂತುಹಾಕಿತ್ತು. 85 ಪಿಎಸ್‌ಐ ಯಾಕೆ ಎಂಬುದಕ್ಕೆ ಬೇರೆ ಉತ್ತರ ಬೇಕಿರಲಿಲ್ಲ.

ಅವನ ಮುಖ ಇಳಿದುಹೋಯಿತು. "ನಾನೇ ಹಾಳು ಮಾಡಿದ್ನಾ ಭಾವ? ಪೆಟ್ರೋಲ್ ಮಿಕ್ಸ್ ಸರಿ ಇರ್ಲಿಲ್ವಾ?"

ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಮಾರಿದವರ ಮನೆಗೆ ಹೋಗುವುದು ಸರಿಯಲ್ಲ ಎಂದು ನಾನು ತಿಳಿದಿದ್ದೇನೆ. ಎಣ್ಣೆಯಿಲ್ಲದ ಬರೀ ಪೆಟ್ರೋಲ್ ಹಾಕಿದರೆ ಎಂಥ ಹೊಸ ಮಿಷನ್ನೂ ಕೆಲವೇ ನಿಮಿಷಗಳಲ್ಲಿ ಹೀಗಾಗುತ್ತದೆ. ಹಾಗಾಗಿ ಮೊದಲು ನಮ್ಮ ಮನೆಯ ತಪ್ಪೇ ಇದೆಯಾ ಎಂದು ಹುಡುಕಿದೆವು. ಅವನು ಕ್ಯಾನು ತಂದಿದ್ದ. ಲೀಟರಿಗೆ 40 ಎಂಎಲ್ ಟೂ-ಟಿ ಆಯಿಲ್ ಅಳತೆ ಬಾಟಲಿಯಲ್ಲಿ ಹಾಕಿದ್ದಾನೆ, ಅಂದರೆ 25ಕ್ಕೆ 1. ಮಿಷನ್ ಕಂಪನಿಯದ್ದೇ ಒಳ್ಳೆಯ ಎಣ್ಣೆಯಾದರೆ 50ಕ್ಕೆ 1, ಲೀಟರಿಗೆ 20 ಎಂಎಲ್ ಸಾಕು. ಬೇರೆ ಟೂ-ಟಿ ಎಣ್ಣೆಯಾದರೆ 25ಕ್ಕೆ 1. ಅವನ ಲೆಕ್ಕ ಸರಿಯೇ ಇತ್ತು. ಪೆಟ್ರೋಲ್ ಎರಡು ಹನಿ ಬಿಳಿ ಕಾಗದದ ಮೇಲೆ ಬಿಟ್ಟು ಒಣಗಿಸಿದೆ, ಎಣ್ಣೆಯ ಕಲೆ ಚೆನ್ನಾಗಿ ಉಳಿಯಿತು. ಕಲೆ ನೋಡಿ ಪ್ರಮಾಣ ಹೇಳಲಾಗದು, ಎಣ್ಣೆ ಇದೆಯೋ ಇಲ್ಲವೋ ಅಷ್ಟನ್ನು ಹೇಳಬಹುದು.

ಗೀರುಗಳೇ ಇನ್ನೂ ಗಟ್ಟಿಯಾದ ಸಾಕ್ಷಿ ಹೇಳಿದವು. ಅವುಗಳಲ್ಲಿ ಎರಡು ಬಣ್ಣ ಇತ್ತು. ಕೆಲವು ಬೆಳ್ಳಿಯಂತೆ ಹೊಳೆಯುತ್ತಿದ್ದವು, ನಿನ್ನೆ ಮೊನ್ನೆ ಆದವು. ಅವುಗಳ ಪಕ್ಕದಲ್ಲೇ, ಅವಕ್ಕಿಂತ ಆಳವಾದ ಗೀರುಗಳ ಹೊಟ್ಟೆಯಲ್ಲಿ ಕಂದು ಬಣ್ಣದ ಮಸಿ ಕೂತು ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೂ ಏಳಲಿಲ್ಲ. ಹಾಗೆ ಮಸಿ ಕೂರಬೇಕಾದರೆ ಗೀರು ಬಿದ್ದ ಮೇಲೆ ಇಂಜಿನ್ ಎಷ್ಟೋ ಗಂಟೆ ಓಡಿರಬೇಕು. 45 ನಿಮಿಷದಲ್ಲಿ ಆಗುವ ಕೆಲಸ ಅದಲ್ಲ. ಸೈಲೆನ್ಸರಿನ ನಟ್ಟುಗಳನ್ನೂ ನೋಡಿದೆ. ಸುತ್ತಲಿನ ಕಬ್ಬಿಣವೆಲ್ಲ ಬೆಂಕಿಗೆ ಕಂದಿತ್ತು, ನಟ್ಟಿನ ಮೂಲೆಗಳಲ್ಲಿ ಮಾತ್ರ ಪಾನಾ ಕಚ್ಚಿದ ಹೊಸ ಗುರುತು. ನನಗಿಂತ ಮುಂಚೆ ಯಾರೋ ಇತ್ತೀಚೆಗೆ ಈ ಕಿಟಕಿ ತೆಗೆದು ಒಳಗೆ ನೋಡಿದ್ದರು.

ಮಾರನೇ ದಿನ ಇಬ್ಬರೂ ಹೋದೆವು. ಮಿಷನ್ ಬಿಚ್ಚಿದ ಸ್ಥಿತಿಯಲ್ಲೇ ತೆಗೆದುಕೊಂಡು ಹೋಗಿದ್ದೆ. ಜಗಳಕ್ಕೆ ಹೋಗಿರಲಿಲ್ಲ. ಅವರು ವಯಸ್ಸಾದವರು, ಮರದ ಕೆಲಸದಲ್ಲೇ ಜೀವನ ಮಾಡಿದವರು, ಕೂರಿಸಿ ಕಾಫಿ ಕೊಟ್ಟರು.

"ನೋಡಿ ಮಾರಾಯ್ರೆ, ನಿಮ್ಮ ಹುಡುಗನ ಕಣ್ಣೆದುರೇ ಸ್ಟಾರ್ಟ್ ಮಾಡಿ, ಕೊಯ್ದು ತೋರ್ಸಿದೀನಿ. ಹಳೆ ಮಿಷನ್ ಹಳೆ ಮಿಷನ್ನೇ. ಆಮೇಲೆ ನೀವು ಏನು ಮಾಡಿದ್ರೋ ನನಗೇನು ಗೊತ್ತು?"

"ಅಣ್ಣ, ಈ ಕಪ್ಪು ಗೀರು ನೋಡಿ. ಇದು ಮೂರು ದಿನದ್ದಲ್ಲ. ನಟ್ಟಿನ ಗುರುತು ನಂದಲ್ಲ."

ಅವರು ಟಾರ್ಚ್ ತಗೊಂಡು ಬಹಳ ಹೊತ್ತು ನೋಡಿದರು. "ಮಸಿ ತೆಗೆಯೋಕೆ ಬಿಚ್ಚಿದ್ದೆ" ಅಂದರು. ಮಸಿ ತೆಗೆಯಲು ಸೈಲೆನ್ಸರ್ ಬಿಚ್ಚಿದವರಿಗೆ ಎದುರಿಗಿರುವ ಪಿಸ್ಟನ್ ಕಾಣದೇ ಇರುವುದಿಲ್ಲ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಅವರಿಗೂ ಹೇಳಿಸಿಕೊಳ್ಳುವ ಅಗತ್ಯ ಬೀಳಲಿಲ್ಲ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ ಎಂದು ಹೋಗುವ ಮುಂಚೆ ಓದಿಕೊಂಡಿದ್ದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ಕುದುರೆಯ ಉದಾಹರಣೆ ಇದೆ. ಕುದುರೆಗೆ ಊನ ಇರುವುದು ಮಾರುವವನಿಗೆ ಗೊತ್ತು. ಹರಾಜಿನಲ್ಲಿ ಮಾರುವಾಗ ಏನೂ ಹೇಳದೆ ಸುಮ್ಮನಿದ್ದರೆ ಅಷ್ಟಕ್ಕೇ ಅದು ವಂಚನೆ ಆಗುವುದಿಲ್ಲ. ಆದರೆ ಕೊಳ್ಳುವವನು, 'ನೀನು ಅಲ್ಲ ಅನ್ನದಿದ್ದರೆ ಕುದುರೆ ಸರಿ ಇದೆ ಅಂತ ತಿಳಿಯುತ್ತೇನೆ' ಎಂದು ಹೇಳಿ, ಆಗಲೂ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. 19ನೇ ಕಲಮಿನಲ್ಲಿ ಇನ್ನೊಂದು ಗಂಟಿದೆ: ಬರೀ ಮೌನದಿಂದ ಆದ ವಂಚನೆಯಾದರೆ, ಕೊಳ್ಳುವವನು ಸಾಧಾರಣ ಎಚ್ಚರ ವಹಿಸಿ ನಿಜ ತಿಳಿದುಕೊಳ್ಳಬಹುದಿತ್ತು ಎಂದಾದರೆ ಕರಾರು ರದ್ದು ಮಾಡಲು ಬರುವುದಿಲ್ಲ. ಎರಡು ನಟ್ಟು ಬಿಚ್ಚುವುದು ಸಾಧಾರಣ ಎಚ್ಚರವೋ ಅಲ್ಲವೋ ಎಂದು ವಾದ ಮಾಡುತ್ತಾ ಕೂತರೆ ಅಡಿಕೆ ಕೊಯ್ಲು ಮುಗಿದುಹೋಗುತ್ತದೆ. ಗ್ರಾಹಕರ ಆಯೋಗದ ದಾರಿಯೂ ನಮಗಿರಲಿಲ್ಲ; ವ್ಯಾಪಾರಿಯಲ್ಲದ ಒಬ್ಬರು ತಮ್ಮ ಸ್ವಂತ ಬಳಕೆಯ ವಸ್ತುವನ್ನು ಮಾರಿದರೆ ಆ ದಾರಿ ತೆರೆಯುವುದಿಲ್ಲ.

ನಮ್ಮ ಕೈಯಲ್ಲಿ ಗಟ್ಟಿ ಇದ್ದದ್ದು ಒಂದೇ. ಮಿಷನ್ ಕೊಳ್ಳಲು ಹೊರಡುವ ಹಿಂದಿನ ರಾತ್ರಿ ಇವನು ಫೋನಿನಲ್ಲಿ, ಇಂಜಿನ್ ಕೆಲಸ ಏನಾದರೂ ಇದೆಯಾ ಎಂದು ಕೇಳಿದ್ದ. 'ಇಂಜಿನ್ ಕೆಲಸ ಏನೂ ಇಲ್ಲ, ತಗೊಂಡು ಹೋಗಿ ಕೊಯ್ಯೋದೇ' ಎಂದು ಅವರು ಧ್ವನಿ ಸಂದೇಶ ಕಳಿಸಿದ್ದರು. ಅದು ಮೌನವಲ್ಲ, ಮಾತು. ಅದನ್ನು ಅವರ ಮುಂದೆಯೇ ಕೇಳಿಸಿದೆವು. ಪೂರ್ತಿ ಹಣ ವಾಪಸ್ ಕೊಡಲು ಒಪ್ಪಲಿಲ್ಲ, ಅರ್ಧ ಆಗಲೇ ಖರ್ಚಾಗಿದೆ ಅಂದರು. ಕೊನೆಗೆ 3,000 ಕೊಟ್ಟರು. ಅವರ ಮನೆಯವರು ಒಳಗಿಂದ ಬಂದು, ಕೊಟ್ಟು ಕಳಿಸಿ, ಸುಮ್ಮನೆ ಯಾಕೆ ಮಾತು ಅಂದ ಮೇಲೆ.

ಅಲ್ಲಿಗೆ 8,500 ರೂಪಾಯಿಯ, ಓಡದ ಮಿಷನ್ ನಮ್ಮದಾಯಿತು. ಗುಜರಿಗೋ ರಿಪೇರಿಗೋ ಎಂಬುದು ಬೋರಿನ ಸ್ಥಿತಿಯ ಮೇಲೆ ನಿಂತಿತ್ತು. ಪಿಸ್ಟನ್ ಮಾತ್ರ ಹೋಗಿದ್ದರೆ ರಿಪೇರಿ ಲಾಭ. ಬೋರೂ ಹೋಗಿದ್ದರೆ ಒಳ್ಳೆಯ ಸೆಟ್ಟಿಗೆ ಇನ್ನೂ ಆರೇಳು ಸಾವಿರ ಬೇಕು, ಆಗ ಅರ್ಥವಿಲ್ಲ.

ಆದರೆ ಬೋರು ಬಿಚ್ಚುವ ಮುಂಚೆ ಮಾಡಬೇಕಾದ ಕೆಲಸ ಒಂದಿತ್ತು, ಈ ಪ್ರಕರಣದಲ್ಲಿ ಇದೇ ಮುಖ್ಯ. ಪಿಸ್ಟನ್ ಯಾಕೆ ಹೋಯಿತು? ಬಿಚ್ಚಿದ ಮೇಲೆ ಈ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ.

ಗೀರು ಎಲ್ಲಿದೆ ಎಂಬುದೇ ಕಾರಣದ ಕಡೆ ಕೈ ತೋರಿಸುತ್ತದೆ. ಎಣ್ಣೆ ಇಲ್ಲದೆ ಓಡಿದ್ದರೆ ಪಿಸ್ಟನ್ನಿನ ಸುತ್ತಲೂ ಗೀರು ಬೀಳುತ್ತದೆ, ಜೊತೆಗೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಸಹ ಒಣಗಿ ನೀಲಿಗಟ್ಟುತ್ತದೆ. ಯಾಕೆಂದರೆ ಈ ಇಂಜಿನ್ನಿನಲ್ಲಿ ಕೆಳಗೆ ಬೇರೆ ಎಣ್ಣೆ ಇಲ್ಲ, ಪೆಟ್ರೋಲಿನಲ್ಲಿ ಬೆರೆತು ಬಂದ ಎಣ್ಣೆಯೇ ಎಲ್ಲಕ್ಕೂ. ಏರ್ ಫಿಲ್ಟರ್ ಹರಿದು ದೂಳು ಹೋಗಿದ್ದರೆ ಗಾಳಿ ಒಳಬರುವ ಕಡೆಯ ಮೈ ಮರಳುಕಾಗದ ಉಜ್ಜಿದಂತೆ ಮಂಕಾಗುತ್ತದೆ. ಸೈಲೆನ್ಸರ್ ಕಡೆ ಮಾತ್ರ ಬೆಂದು ಕರಗಿದ್ದರೆ, ಹೆಚ್ಚಿನ ಸಲ ಅದು ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಆದ ಲಕ್ಷಣ. ಬೆಂಕಿ ಹೊರಹೋಗುವ ದಾರಿ ಅದು, ಪಿಸ್ಟನ್ನಿನ ಅತಿ ಬಿಸಿ ಭಾಗ. ಎದುರು ಭಾಗಕ್ಕೆ ಒಳಬರುವ ತಣ್ಣನೆಯ ಪೆಟ್ರೋಲ್ ಹಬೆ ತಾಗುತ್ತಿರುತ್ತದೆ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಶಾಖ ಹೆಚ್ಚು. ಪಿಸ್ಟನ್ ಉಬ್ಬಿ ಬೋರಿಗೆ ಕಚ್ಚುತ್ತದೆ. ಕೊಯ್ಯುವಾಗ ನಿಮಿಷಕ್ಕೆ ಹತ್ತು ಸಾವಿರ ಸುತ್ತು, ಅಂದರೆ ಸೆಕೆಂಡಿಗೆ 160ಕ್ಕೂ ಹೆಚ್ಚು ಸಲ ಮೇಲೆ ಕೆಳಗೆ. ಕಚ್ಚಿದ ಮೇಲೆ ಹಾಳಾಗಲು ಹೊತ್ತು ಬೇಕಾಗುವುದಿಲ್ಲ.

ನಮ್ಮದರಲ್ಲಿ ಕಾರ್ಬೊರೇಟರ್ ತೆಗೆದು ಆ ಬದಿಯಿಂದ ನೋಡಿದರೆ ಪಿಸ್ಟನ್ ಮೈ ಚೆನ್ನಾಗಿತ್ತು, ಅಡ್ಡಗೆರೆಗಳೂ ಇದ್ದವು. ಪೆಟ್ಟೆಲ್ಲ ಸೈಲೆನ್ಸರ್ ಬದಿಗೆ. ಹಾಗಾದರೆ ಎಲ್ಲಿಂದಲೋ ಕಳ್ಳಗಾಳಿ ಬರುತ್ತಿದೆ. ಆಗ ಕೇಳಿದೆ, ರೇಸ್ ಕೊಟ್ಟು ಬಿಟ್ಟರೆ ಶಬ್ದ ತಕ್ಷಣ ಇಳಿಯುತ್ತಿತ್ತಾ ಅಂತ. "ಇಲ್ಲ ಭಾವ, ಎರಡು ಮೂರು ಸೆಕೆಂಡು ಹಾಗೇ ಮೇಲೇ ಇದ್ದು ಆಮೇಲೆ ಇಳೀತಿತ್ತು." ಕಳ್ಳಗಾಳಿಯ ಗುರುತು ಅದೇ.

ಸೈಲೆನ್ಸರ್ ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡು ಇಟ್ಟು ನಟ್ಟು ಬಿಗಿದೆ. ಕಾರ್ಬೊರೇಟರ್ ಜಾಗಕ್ಕೂ ಹಾಗೇ. ಹಳೆ ಪ್ಲಗ್ಗೊಂದರ ಪಿಂಗಾಣಿ ಒಡೆದು ತೆಗೆದು ಅದಕ್ಕೆ ರಬ್ಬರ್ ನಳಿಕೆ ಕೂರಿಸಿ ಮೊದಲೇ ಮಾಡಿಟ್ಟುಕೊಂಡಿದ್ದೇನೆ. ಪಿಸ್ಟನ್ ಪೂರ್ತಿ ಕೆಳಗಿಳಿಸಿದರೆ ಪ್ಲಗ್ ತೂತಿನಿಂದ ಕೊಟ್ಟ ಗಾಳಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಮನೆಗೂ ಹೋಗುತ್ತದೆ. ಗಾಳಿ ಹೊಡೆಯಲು ಅಮ್ಮನ ಬಿಪಿ ನೋಡಲು ತಂದಿದ್ದ ಹಳೆ ಉಪಕರಣದ ರಬ್ಬರ್ ಬುರುಡೆ ಮತ್ತು ಒತ್ತಡ ತೋರಿಸುವ ಗಡಿಯಾರ. ವರ್ಕ್‌ಶಾಪ್ ಪುಸ್ತಕಗಳಲ್ಲಿ ಅರ್ಧ ಬಾರ್ ಒತ್ತಡ ಹಾಕಿ ನೋಡಿ ಅನ್ನುತ್ತಾರೆ, ಅದು 375 ಮಿಲಿಮೀಟರ್ ಪಾದರಸಕ್ಕೆ ಸಮ. ಬಿಪಿ ಗಡಿಯಾರ 300ರವರೆಗೆ ಮಾತ್ರ. ಸೋರುವುದು ಗೊತ್ತಾಗಲು ಅಷ್ಟು ಸಾಕಾಗುತ್ತದೆ.

250ಕ್ಕೆ ಏರಿಸಿ ಕೈ ಬಿಟ್ಟೆ. ಮುಳ್ಳು ನಮ್ಮ ಕಣ್ಣೆದುರೇ ಇಳಿಯತೊಡಗಿತು, ಹತ್ತು ಸೆಕೆಂಡಿಗೆ 60. ಸೋಪಿನ ನೊರೆಯನ್ನು ಬ್ರಷ್ಷಿನಲ್ಲಿ ಒಂದೊಂದು ಜಾಗಕ್ಕೂ ಹಚ್ಚುತ್ತಾ ಬಂದೆವು. ಗಾಳಿ ಒಳಹೋಗುವ ರಬ್ಬರ್ ಪೈಪಿನಲ್ಲಿ ಬಿರುಕಿದ್ದರೂ ನೊರೆ ಏಳಲಿಲ್ಲ. ಬೋರಿನ ಬುಡದಲ್ಲಿ ಇಲ್ಲ. ಫ್ಲೈವೀಲ್ ತೆಗೆದು ಅದರ ಹಿಂದೆ ಗಾಳಿ ಸೋರದಂತೆ ತಡೆಯುವ ಆಯಿಲ್ ಸೀಲಿಗೆ ಹಚ್ಚಿದ ಕೂಡಲೇ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಎದ್ದವು, ಅನ್ನ ಕುದಿಯುವಾಗ ಅಂಚಿನಲ್ಲಿ ಏಳುವ ಹಾಗೆ. ಭಾವಮೈದ ಆ ದಿನ ಮೊದಲ ಸಲ ನಕ್ಕ. ಸೀಲಿನ ತುಟಿ ಒಣಗಿ ಕಲ್ಲಾಗಿತ್ತು.

ಇದನ್ನು ಹುಡುಕದೆ ಪಿಸ್ಟನ್ ಮಾತ್ರ ಹಾಕಿದ್ದರೆ ಹೊಸದೂ ಅದೇ ಬದಿಯಲ್ಲಿ ಅದೇ ರೀತಿ ಹೋಗುತ್ತಿತ್ತು. ಮಾರಿದವರೂ ಬಲ ಕುಗ್ಗಿದಾಗ ಕಾರ್ಬೊರೇಟರ್ ಸ್ಕ್ರೂ ತಿರುಗಿಸಿ ತಿರುಗಿಸಿ ದಿನ ದೂಡಿದ್ದರು ಎಂದು ಸ್ಕ್ರೂವಿನ ಬಾಯಿ ನೋಡಿದರೇ ತಿಳಿಯುತ್ತಿತ್ತು.

ಬೋರು ಬಿಚ್ಚಿದೆವು. ಗೋಡೆಗೆ ಅಲ್ಯೂಮಿನಿಯಂ ಮೆತ್ತಿತ್ತು. ಈ ಬೋರಿನ ಒಳಮೈಗೆ ನಿಕಲ್ ಲೇಪ. ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಹತ್ತಿ ಕಡ್ಡಿಯಲ್ಲಿ ಮೆತ್ತಿದ ಜಾಗಕ್ಕೆ ಮಾತ್ರ ಮುಟ್ಟಿಸಿದರೆ ಅಲ್ಯೂಮಿನಿಯಂ ನೊರೆಬಂದು ಕರಗುತ್ತದೆ, ಲೇಪ ಉಳಿಯುತ್ತದೆ. ನೊರೆ ನಿಂತರೆ ಅಲ್ಲಿ ಅಲ್ಯೂಮಿನಿಯಂ ಮುಗಿಯಿತು ಅಂತ. ಲೇಪ ಇಲ್ಲದ ಬಾಯಿಯ ಅಂಚುಗಳಿಗೆ ತಾಗಿಸಬಾರದು, ಬೋರೇ ಕರಗುತ್ತದೆ. ಕ್ರೋಮ್ ಲೇಪದ ಬೋರಾದರೆ ಈ ಕೆಲಸಕ್ಕೆ ಕೈ ಹಾಕಲೇಬಾರದು, ಈ ಆಸಿಡ್ ಕ್ರೋಮನ್ನೂ ತಿನ್ನುತ್ತದೆ. ಅಂಗಳದಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಕೈಗವಸು ಕನ್ನಡಕ ಹಾಕಿ ಮಾಡಿದೆವು. ಆಮೇಲೆ ಸೋಡಾಪುಡಿ ನೀರಿನಲ್ಲಿ ತೊಳೆದೆವು. ಉಗುರು ಆಡಿಸಿ ನೋಡಿದರೆ ಎಲ್ಲೂ ತಡೆಯಲಿಲ್ಲ. ಲೇಪ ಎದ್ದಿರಲಿಲ್ಲ. ಬೋರು ಉಳಿಯಿತು.

ಪಿಸ್ಟನ್, ರಿಂಗು, ಪಿನ್ ಸೇರಿ 1,850. ಸೀಲ್ ಎರಡೂ ಬದಿಯದ್ದು 420, ಒಂದು ಹೋದರೆ ಇನ್ನೊಂದೂ ಅದೇ ವಯಸ್ಸಿನದ್ದು. ರಬ್ಬರ್ ಪೈಪ್ 350, ಪೆಟ್ರೋಲ್ ಪೈಪು ಮತ್ತು ಫಿಲ್ಟರ್ 260, ಕಾರ್ಬೊರೇಟರ್ ಡಯಾಫ್ರಮ್ ಕಿಟ್ 450, ಗ್ಯಾಸ್ಕೆಟ್ಟು ಅಂಟು 170. ಒಟ್ಟು 3,500. ಹಳೆ ಡಯಾಫ್ರಮ್ (ಪೆಟ್ರೋಲ್ ಒಳಬಿಡುವ ತೆಳು ಪೊರೆ) ಬೆರಳಲ್ಲಿ ಮಡಚಿದರೆ ಹಳೆ ಎಕ್ಸ್‌ರೇ ಹಾಳೆಯಂತೆ ಸದ್ದು ಮಾಡುತ್ತಿತ್ತು. ಅದು ಗಟ್ಟಿಯಾದರೂ ಪೆಟ್ರೋಲ್ ಕಡಿಮೆ ಬರುತ್ತದೆ, ಆದ್ದರಿಂದ ಅದನ್ನೂ ಬಿಡಲಿಲ್ಲ. ಬಂಕಿನ ಪೆಟ್ರೋಲಿನಲ್ಲಿ ಈಗ ನೂರಕ್ಕೆ 20 ಎಥನಾಲ್ ಇದೆ. ಎಷ್ಟೋ ಮಿಷನ್ ಪುಸ್ತಕಗಳಲ್ಲಿ 10ಕ್ಕಿಂತ ಹೆಚ್ಚು ಬೇಡ ಎಂದು ಬರೆದಿರುತ್ತದೆ. ಹಳೆ ರಬ್ಬರಿಗೆ ಅದು ಆಗಿಬರುವುದಿಲ್ಲ, ಮಳೆಗಾಲದ ತೇವ ಹೀರಿಕೊಂಡರೆ ನೀರು ಕೂಡಿದ ಎಥನಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕಿಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಇರುವುದೂ ತಳದಲ್ಲೇ, ಎಣ್ಣೆಯಿಲ್ಲದ ಆ ನೀರನ್ನೇ ಮೊದಲು ಎಳೆಯುತ್ತದೆ. ನಾವು ಜೂನ್ ಮೊದಲ ವಾರ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆರುವವರೆಗೆ ಓಡಿಸಿ ಅಟ್ಟಕ್ಕೆ ಹಾಕುತ್ತೇವೆ.

ಪಿಸ್ಟನ್ ತಲೆಯ ಬಾಣದ ಗುರುತು ಸೈಲೆನ್ಸರ್ ಕಡೆಗೆ ಇಟ್ಟು ಕೂರಿಸಿದೆವು. ಮತ್ತೆ ಬಿಪಿ ಬುರುಡೆ. ಈ ಸಲ ಮುಳ್ಳು 250ರಲ್ಲೇ ನಿಂತಿತು. ನಾನು ಕೈತೊಳೆದು ಬರುವಷ್ಟು ಹೊತ್ತು ಅವನು ಅದನ್ನೇ ನೋಡುತ್ತಾ ಕೂತಿದ್ದ. ಕಂಪ್ರೆಷನ್ 145. ಐಡಲ್ ಇಳಿಸಿದ ಮೇಲೆ ಚೈನ್ ಅಲ್ಲಾಡಲಿಲ್ಲ. ಮೊದಲ ಎರಡು ಟ್ಯಾಂಕ್ ಸಣ್ಣ ಕೊಂಬೆಗಳಲ್ಲಿ ಕಳೆದು, ಆಮೇಲೆ ದಿಮ್ಮಿಗೆ ಹೋದೆವು.

8,500ಕ್ಕೆ 3,500 ಸೇರಿ 12,000 ಆಯಿತು. ನನ್ನ ಕೆಲಸಕ್ಕೆ ಕೂಲಿ ಹಿಡಿದಿಲ್ಲ. ಪೇಟೆಯಲ್ಲಾದರೆ ಇನ್ನೊಂದೂವರೆ ಸಾವಿರ. ಬೋರು ಉಳಿಯದಿದ್ದರೆ ಈ ಲೆಕ್ಕ ತಲೆಕೆಳಗಾಗುತ್ತಿತ್ತು. ಅದು ನಮ್ಮ ಅದೃಷ್ಟ, ಜಾಣತನ ಅಲ್ಲ. ಆದ್ದರಿಂದ 'ರಿಪೇರಿ ಮಾಡಿಕೊಂಡರಾಯಿತು' ಎಂದು ಪೆಟ್ಟಾದ ಮಿಷನ್ನನ್ನು ಗೊತ್ತಿದ್ದೂ ಕೊಳ್ಳಲು ನಾನು ಯಾರಿಗೂ ಹೇಳುವುದಿಲ್ಲ.

ಜನವರಿಯಲ್ಲಿ ನಮ್ಮ ಪಕ್ಕದ ಮನೆಯವರು ಒಂದು ಹಳೆ ಮಿಷನ್ ನೋಡಲು ನನ್ನ ಬದಲು ಭಾವಮೈದನನ್ನೇ ಕರೆದುಕೊಂಡು ಹೋಗಿದ್ದರು. ಬರುತ್ತೇವೆ, ದಯವಿಟ್ಟು ಮೊದಲೇ ಸ್ಟಾರ್ಟ್ ಮಾಡಬೇಡಿ ಎಂದು ಫೋನಿನಲ್ಲೇ ಕೇಳಿಕೊಂಡಿದ್ದ. ಅಲ್ಲಿ ಹೋಗಿ ಇಂಜಿನ್ ಮುಟ್ಟಿ ನೋಡಿ, ಜೇಬಿನಿಂದ ಪಾನಾ ತೆಗೆದ. ಮನೆಯ ಯಜಮಾನರು ಏನು ಮಾಡ್ತೀಯಪ್ಪ ಅಂದರು.

"ಸೈಲೆನ್ಸರ್ ಬಿಚ್ಚಿ ಪಿಸ್ಟನ್ ನೋಡ್ತೀನಿ ಅಜ್ಜ. ನಾನೇ ವಾಪಸ್ ಕೂರಿಸಿ ಕೊಡ್ತೀನಿ. ಒಳಗೆ ಏನಾದ್ರೂ ಇದ್ರೆ ಈಗಲೇ ಹೇಳ್ಬಿಡಿ, ಇಲ್ಲಾಂದ್ರೆ ಸರಿ ಇದೆ ಅಂತ್ಲೇ ತಿಳ್ಕೊಳ್ತೀನಿ."

ಅಜ್ಜ ಒಳಗೆ ಹೋಗಿ ಟಾರ್ಚ್ ತಂದುಕೊಟ್ಟರಂತೆ. ಅಡ್ಡಗೆರೆಗಳು ಹಾಗೇ ಇದ್ದವು. ಕೇಳಿದ 9,000ಕ್ಕೆ ಚೌಕಾಸಿ ಮಾಡದೆ ಕೊಟ್ಟು ತಂದರು.

ಇವನ ಮಿಷನ್ ಈಗ ಏಳೂ ಸಿಲ್ವರ್ ಮರ ತುಂಡು ಮಾಡಿ ಎರಡನೇ ವರ್ಷಕ್ಕೆ ಬಿದ್ದಿದೆ. ಏರ್ ಫಿಲ್ಟರ್ ಮುಚ್ಚಳದ ಒಳಮೈಯಲ್ಲಿ ಮಾರ್ಕರ್ ಪೆನ್ನಿನಿಂದ ಬರೆದಿಟ್ಟಿದ್ದಾನೆ: ಪಿಸ್ಟನ್ ಹೊಸದು, ಸೀಲ್ ಎರಡೂ ಹೊಸದು, ಹಾಕಿದ ತಾರೀಕು, ಬೋರ್ ಹಳೆಯದೇ, ಆಸಿಡ್ ಹಾಕಿ ತೊಳೆದಿದ್ದು. ಮಾರುವ ದಿನ ಬಂದರೆ ಕೊಳ್ಳುವವರು ಓದಲಿ ಅಂತ.